ಗಣಿತಜ್ಞ ಜಾರ್ಜ್ ಬೂಲ್

ಕಂಪ್ಯೂಟರಿಗೆ ಪ್ರೋಗ್ರಾಂ ಬರೆಯಲು ಹೊರಟ ವಿದ್ಯಾರ್ಥಿಯು ಮೊದಮೊದಲಿಗೇ ಕಲಿಯುವ ಪಾಠಗಳಲ್ಲೊಂದು, ಉದ್ದನೆಯ ಪಟ್ಟಿಯಿಂದ ಬೇಕಾದುದನ್ನು ಆರಿಸಿ ಬೇಡವಾದುದನ್ನು ಮರೆಮಾಡುವುದು. ಇದು ಕಾಳನ್ನು ಜರಡಿ ಹಿಡಿಯುವಂತಹ ಕೆಲಸ. ಈ ಜರಡಿಯ ಗಣಿತವನ್ನು ಲೋಕಕ್ಕೆ ಕೊಟ್ಟ ಮಹಾಶಯನು ಇಂದಿನ ಕಂಪ್ಯೂಟರನ್ನು ಕಂಡವನಲ್ಲ. ವಿಶ್ವವಿದ್ಯಾನಿಲಯದ ಮೆಟ್ಟಿಲು ಹತ್ತಿ ಓದಿದವನೂ ಅಲ್ಲ. ಅವನೇ ಜಾರ್ಜ್ ಬೂಲ್.

ಬೂಲನು ೧೮೧೫ನೆಯ ನವೆಂಬರ್ ೨ರಂದು ಇಂಗ್ಲೆಂಡಿನ ಲಿಂಕನ್ ಪಟ್ಟಣದಲ್ಲಿ ಹುಟ್ಟಿದನು. ತಂದೆ ಜಾನ್ ಬೂಲನದು ಜೋಡು ಹೊಲಿಯುವ ಕಸುಬು. ಆದರೆ ಅವನ ಮನಸ್ಸು ದೂರದರ್ಶಕಗಳಲ್ಲಿ, ಗಣಿತದಲ್ಲಿ ನೆಟ್ಟಿತ್ತು. ಕಸುಬು ಏಳಿಗೆಯಾಗಲಿಲ್ಲ, ವಿದ್ಯೆಯ ಹಂಬಲ ಮಾತ್ರ ಮಗನಿಗೆ ಬಂದಿತು. ಊರಿನ ಪುಸ್ತಕ ವ್ಯಾಪಾರಿಯೊಬ್ಬನಿಂದ ಹುಡುಗನು ಲ್ಯಾಟಿನ್ ಕಲಿತನು. ಗ್ರೀಕ್, ಫ್ರೆಂಚ್, ಜರ್ಮನ್ ಭಾಷೆಗಳನ್ನು ತಾನೇ ಕಲಿತುಕೊಂಡನು.

ಹದಿನಾರನೆಯ ವಯಸ್ಸಿಗೇ ಮನೆಯ ಭಾರ ಅವನ ಹೆಗಲಿಗೆ ಬಿತ್ತು. ಡಾಂಕಾಸ್ಟರಿನ ಶಾಲೆಯೊಂದರಲ್ಲಿ ಉಪಾಧ್ಯಾಯನಾದನು. ೧೮೩೪ರಲ್ಲಿ ತನ್ನದೇ ಶಾಲೆಯನ್ನು ತೆರೆದನು. ತಂದೆತಾಯಿಗಳನ್ನೂ ಒಡಹುಟ್ಟಿದವರನ್ನೂ ಸಾಕುತ್ತಲೇ ಲಗ್ರಾಂಜ್, ಲಾಪ್ಲಾಸ್ ಮೊದಲಾದವರ ಕಠಿಣ ಗ್ರಂಥಗಳನ್ನು ಗುರುಗಳ ನೆರವಿಲ್ಲದೆ ಅರಗಿಸಿಕೊಂಡನು. ೧೮೪೪ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯು ಅವನ ಪ್ರಬಂಧಕ್ಕೆ ರಾಯಲ್ ಪದಕವನ್ನಿತ್ತು ಗೌರವಿಸಿತು. ೧೮೪೯ರಲ್ಲಿ ಐರ್ಲೆಂಡಿನ ಕಾರ್ಕ್ ಪಟ್ಟಣದ ಕ್ವೀನ್ಸ್ ಕಾಲೇಜು, ಪದವಿಯಿಲ್ಲದ ಈತನನ್ನೇ ತನ್ನ ಮೊದಲ ಗಣಿತ ಪ್ರಾಧ್ಯಾಪಕನನ್ನಾಗಿ ನೇಮಿಸಿತು.

ಬೂಲನ ಕೀರ್ತಿಗೆ ಕಾರಣವಾದ ವಿಚಾರವು ೧೮೪೭ರ ಒಂದು ಚಿಕ್ಕ ಪುಸ್ತಕದಲ್ಲಿ ಮೊಳೆತು, ೧೮೫೪ರ ಹಿರಿಯ ಗ್ರಂಥದಲ್ಲಿ ಬೆಳೆಯಿತು. ತರ್ಕವೆಂದರೆ ಆರಿಸುವ ಕ್ರಿಯೆ ಎಂದು ಅವನು ಕಂಡನು. ಸಮಸ್ತವನ್ನೂ ಒಂದು ಎಂದೂ, ಏನೂ ಇಲ್ಲದುದನ್ನು ಸೊನ್ನೆ ಎಂದೂ ಗುರುತಿಸಿದನು. ಎರಡು ಗುಣಗಳೂ ಉಳ್ಳವನ್ನು ಆರಿಸುವುದಕ್ಕೆ ಗುಣಾಕಾರದ ರೂಪ ಕೊಟ್ಟನು. ಒಮ್ಮೆ ಆರಿಸಿದ್ದನ್ನು ಅದೇ ಗುಣದಿಂದ ಮತ್ತೊಮ್ಮೆ ಆರಿಸಿದರೆ ಫಲವು ಬದಲಾಗದಷ್ಟೆ. ಸಂಖ್ಯೆಗಳಲ್ಲಿಯೂ ತನ್ನಿಂದ ತಾನೇ ಗುಣಿಸಲ್ಪಟ್ಟು ತಾನಾಗಿಯೇ ಉಳಿಯುವುವು ಸೊನ್ನೆ ಮತ್ತು ಒಂದು ಮಾತ್ರ.

ಇದನ್ನು ನಮ್ಮ ತರಗತಿಯ ಉದಾಹರಣೆಯಿಂದಲೇ ತಿಳಿಯಬಹುದು. ಐವರ ಅಂಕಗಳು ೨೮, ೬೪, ೩೫, ೧೯, ೭೨ ಎಂದಿರಲಿ. ೩೫ ಅಥವಾ ಹೆಚ್ಚು ಬಂದವರಿಗೆ ೧, ಉಳಿದವರಿಗೆ ೦ ಎಂದು ಬರೆದರೆ ೦, ೧, ೧, ೦, ೧ ಎಂಬ ಸಾಲು ದೊರೆಯುತ್ತದೆ. ಇದನ್ನೇ ಪ್ರೋಗ್ರಾಂ ಬರೆಯುವವರು ಮಾಸ್ಕ್ ಎನ್ನುತ್ತಾರೆ. ಹಾಜರಿ ಸಾಕಷ್ಟಿರುವವರ ಸಾಲು ೧, ೧, ೦, ೦, ೧ ಆಗಿದ್ದರೆ, ಎರಡನ್ನೂ ಸ್ಥಾನಸ್ಥಾನಕ್ಕೆ ಗುಣಿಸಿದಾಗ ಬರುವುದು ೦, ೧, ೦, ೦, ೧. ಎಂದರೆ ೬೪ ಮತ್ತು ೭೨ ಪಡೆದವರು ಎರಡು ಷರತ್ತುಗಳಿಗೂ ಒಪ್ಪುತ್ತಾರೆ. ಮೂಲಪಟ್ಟಿ ಮಾತ್ರ ಇದ್ದಂತೆಯೇ ಇರುತ್ತದೆ, ಮರೆಯಾದವರು ಅಳಿಸಿಹೋದವರಲ್ಲ. ಷರತ್ತನ್ನು ಬದಲಿಸಿದರೆ ಅವರೂ ಕಾಣಿಸಿಕೊಂಡಾರು.

೧೮೫೫ರಲ್ಲಿ ಬೂಲನು ಮೇರಿ ಎವರೆಸ್ಟ್ ಎಂಬಾಕೆಯನ್ನು ವರಿಸಿದನು. ಹಿಮಾಲಯದ ಶಿಖರಕ್ಕೆ ಯಾರ ಹೆಸರನ್ನಿಟ್ಟರೋ, ಭಾರತದ ಸರ್ವೇಯರ್ ಜನರಲ್ ಆಗಿದ್ದ ಆ ಜಾರ್ಜ್ ಎವರೆಸ್ಟನ ಸೋದರನ ಮಗಳು ಈಕೆ. ದಂಪತಿಗಳಿಗೆ ಐವರು ಹೆಣ್ಣುಮಕ್ಕಳಾದರು. ೧೮೬೪ರ ಕೊನೆಯಲ್ಲಿ ಒಂದು ದಿನ ಸುರಿಯುವ ಮಳೆಯಲ್ಲಿ ಕಾಲೇಜಿಗೆ ನಡೆದುಹೋದ ಬೂಲನು ಒದ್ದೆ ಬಟ್ಟೆಯಲ್ಲಿಯೇ ಪಾಠ ಹೇಳಿದನು. ಅದರಿಂದ ಹಿಡಿದ ಕಾಯಿಲೆ ಬಿಡಲಿಲ್ಲ. ಡಿಸೆಂಬರ್ ೮ರಂದು ತೀರಿಕೊಂಡಾಗ ಅವನಿಗೆ ೪೯ ವರ್ಷ. ಕಿರಿಯ ಮಗಳಿನ್ನೂ ಕೈಗೂಸು.

ಅವನ ಗಣಿತವು ಬಹುಕಾಲ ತಾರ್ಕಿಕರ ಪುಸ್ತಕಗಳಲ್ಲಿಯೇ ಉಳಿದಿತ್ತು. ೧೯೩೭ರಲ್ಲಿ ಕ್ಲಾಡ್ ಶಾನನ್ ಎಂಬ ಅಮೆರಿಕದ ತರುಣ ವಿದ್ಯಾರ್ಥಿಯು ತನ್ನ ಪ್ರಬಂಧದಲ್ಲಿ, ವಿದ್ಯುತ್ ಸ್ವಿಚ್ಚುಗಳ ಜೋಡಣೆಗೂ ಇದೇ ಗಣಿತವು ಹೊಂದುವುದೆಂದು ತೋರಿಸಿದನು. ಇಂದು ಪ್ರೋಗ್ರಾಮಿನಲ್ಲಿ ಹೌದು ಅಥವಾ ಅಲ್ಲ ಎಂಬ ಬೆಲೆಗೆ ಬೂಲಿಯನ್ ಎಂದೇ ಹೆಸರು.

ಕಾರ್ಕಿನ ಕಾಲೇಜು ಅಂದು ಅರ್ಜಿಗಳನ್ನು ಪದವಿಯೆಂಬ ಒಂದೇ ಜರಡಿಯಲ್ಲಿ ಸೋಸಿದ್ದರೆ ಬೂಲನ ಹೆಸರಿನ ಮುಂದೆ ಸೊನ್ನೆ ಬೀಳುತ್ತಿತ್ತು. ಮನೆತನದಲ್ಲಿ ಮೊದಲ ಬಾರಿಗೆ ಕಾಲೇಜನ್ನು ಕಂಡ ನಮ್ಮಂತಹವರಿಗೆ ಈ ಚರಿತ್ರೆಯು ಧೈರ್ಯವನ್ನು ತರುತ್ತದೆ. ನಾಳೆ ಪಟ್ಟಿಯಿಂದ ಜನರನ್ನು ಆರಿಸುವ ಅಧಿಕಾರ ನಮ್ಮ ಕೈಗೆ ಬಂದಾಗ, ಷರತ್ತನ್ನು ಬರೆಯುವ ಮುನ್ನ ಯಾರು ಮರೆಯಾಗುತ್ತಾರೆಂಬುದನ್ನು ಒಮ್ಮೆ ನೋಡುವ ವಿವೇಕವನ್ನೂ ಅದು ಕಲಿಸುತ್ತದೆ.