ಮೆಲ್ಬರ್ನ್ ಬಿಟ್ಟು ಗುಂಟೂರಿಗೆ ಬಂದ ವೈದ್ಯೆ

ನಿಮ್ಮ ಮನೆಯಲ್ಲಿ ವೈದ್ಯಕೀಯ ಓದುವ ಮಗಳಿದ್ದರೆ ಡಾ. ಮೇರಿ ಗ್ಲೌರಿಯವರ ಕಥೆಯನ್ನು ಆಕೆಗೆ ತಪ್ಪದೆ ಹೇಳಿ.

1887ರಲ್ಲಿ ಆಸ್ಟ್ರೇಲಿಯಾದಲ್ಲಿ ಜನಿಸಿದ ಮೇರಿ ಮೆಲ್ಬರ್ನ್ ನಗರದಲ್ಲಿ ಕಣ್ಣಿನ ವೈದ್ಯೆಯಾಗಿದ್ದರು. 1915ರಲ್ಲಿ ಡಾ. ಆಗ್ನೆಸ್ ಮೆಕ್‌ಲಾರೆನ್ ಅವರನ್ನು ಕುರಿತ ಕಿರುಹೊತ್ತಿಗೆಯೊಂದು ಅವರ ಕೈಸೇರಿತು. ಪುರುಷ ವೈದ್ಯರ ಬಳಿ ಹೋಗಲಾರದೆ ಭಾರತದ ತಾಯಂದಿರೂ ಶಿಶುಗಳೂ ಸಾಯುತ್ತಿರುವುದನ್ನು ಓದಿ, ದೇವರು ತಮ್ಮನ್ನು ಅಲ್ಲಿಗೇ ಕರೆಯುತ್ತಿದ್ದಾರೆಂದು ಅರಿತರು.

1920ರಲ್ಲಿ ಗುಂಟೂರಿಗೆ ಬಂದು ಯೇಸು ಮರಿಯ ಜೋಸೆಫರ ಸಭೆಯನ್ನು ಸೇರಿದರು. ಆದರೆ ಧರ್ಮಸಭೆಯ ಅಂದಿನ ನಿಯಮದಂತೆ ಕನ್ಯಾಸ್ತ್ರೀಯರು ವೈದ್ಯವೃತ್ತಿ ನಡೆಸುವಂತಿರಲಿಲ್ಲ. ಹದಿನೈದನೆಯ ಬೆನೆಡಿಕ್ಟ್ ಜಗದ್ಗುರುಗಳು ವಿಶೇಷ ಅಪ್ಪಣೆಯಿತ್ತರು. ಸನ್ಯಾಸವೂ ವೈದ್ಯಸೇವೆಯೂ ಒಂದಾದವು. ಚಿಕ್ಕ ಔಷಧಾಲಯ ಸಂತ ಜೋಸೆಫರ ಆಸ್ಪತ್ರೆಯಾಗಿ ಬೆಳೆಯಿತು. ಸ್ಥಳೀಯ ಹೆಣ್ಣುಮಕ್ಕಳು ಅವರಿಂದ ಕಲಿತು ದಾದಿಯರಾದರು. 1936ರಲ್ಲಿ ರೋಮ್ ಆ ನಿಯಮವನ್ನೇ ಸಡಿಲಿಸಿತು.

1943ರಲ್ಲಿ ಅವರು ಕಥೋಲಿಕ ಆಸ್ಪತ್ರೆಗಳ ಸಂಘವನ್ನು ಸ್ಥಾಪಿಸಿದರು. ಕಥೋಲಿಕ ವೈದ್ಯಕೀಯ ಕಾಲೇಜೊಂದು ಆಗಬೇಕೆಂಬುದು ಅವರ ಕನಸು. 1957ರಲ್ಲಿ ಬೆಂಗಳೂರಿನಲ್ಲಿ ಕ್ಯಾನ್ಸರಿನಿಂದ ಪ್ರಭುವಿನಲ್ಲಿ ನಿದ್ರಿಸಿದಾಗ ಆ ಕನಸು ಕನಸಾಗಿಯೇ ಇತ್ತು. 1963ರಲ್ಲಿ ಅದೇ ಬೆಂಗಳೂರಿನಲ್ಲಿ ಸಂತ ಜಾನರ ವೈದ್ಯಕೀಯ ಕಾಲೇಜು ಆರಂಭವಾಯಿತು.

ನೀವು ಬಿತ್ತಿದ್ದರ ಫಲವನ್ನು ನೀವೇ ಕಾಣದಿರಬಹುದು. ಆದರೂ ಬಿತ್ತಿರಿ. ನಿಮ್ಮ ಮಕ್ಕಳ ವಿದ್ಯೆಯಲ್ಲಿ ಬಡರೋಗಿಗೂ ಒಂದು ಪಾಲಿರಲೆಂದು ಇಂದಿನ ಕುಟುಂಬ ಪ್ರಾರ್ಥನೆಯಲ್ಲಿ ಬೇಡಿಕೊಳ್ಳಿ.