ರೋಗಿಗಳ ಬಂಧು ಫಾದರ್ ಮುಲ್ಲರ್

ನಮ್ಮ ಸಂಸೆಯ ಧರ್ಮಕೇಂದ್ರವು ಶತಮಾನೋತ್ಸವವನ್ನು ಆಚರಿಸುತ್ತಿರುವ ಈ ಶುಭ ಸಂದರ್ಭದಲ್ಲಿ, ನಮ್ಮ ಊರಿನವರಲ್ಲದಿದ್ದರೂ ನಮ್ಮ ಮನೆಮನೆಗೂ ಉಪಕಾರಿಗಳಾದ ಒಬ್ಬ ಗುರುಗಳನ್ನು ಸ್ಮರಿಸುವುದು ನಮ್ಮ ಕರ್ತವ್ಯವೆಂದು ಭಾವಿಸುತ್ತೇವೆ. ಕಳಸ, ಸಂಸೆಯ ಕಡೆಯ ಜನರಿಗೆ ಕಾಯಿಲೆ ಬಲವಾದಾಗ ಕುದುರೆಮುಖದ ಘಟ್ಟವಿಳಿದು, ಕಾರ್ಕಳದ ಮೇಲೆ ಹಾಯ್ದು ಮಂಗಳೂರನ್ನು ಸೇರುವುದು ರೂಢಿ. ನೂರು ಕಿಲೋಮೀಟರಿನಷ್ಟು ದೂರದ ಆ ದಾರಿಯನ್ನು ಮಳೆಗಾಲದ ರಾತ್ರಿಯಲ್ಲಿ ರೋಗಿಯೊಡನೆ ಕ್ರಮಿಸಿದವರಿಗೆ ಅದರ ಕಷ್ಟ ಗೊತ್ತು. ಕಂಕನಾಡಿಗೆ ಸೇರಿಸಿದ್ದಾರೆ ಎಂಬ ಮಾತು ನಮ್ಮಲ್ಲಿ ಭಯವನ್ನೂ ಭರವಸೆಯನ್ನೂ ಒಟ್ಟಿಗೆ ತರುತ್ತದೆ. ಆ ಭರವಸೆಗೆ ತಳಪಾಯ ಹಾಕಿದವರು ಯೇಸುಸಭೆಯ ವಂದನೀಯ ಫಾದರ್ ಅಗಸ್ಟಸ್ ಮುಲ್ಲರ್.

ಇವರು ಹುಟ್ಟಿದ್ದು 1841ರಲ್ಲಿ, ಜರ್ಮನಿಯ ವೆಸ್ಟ್‌ಫಾಲಿಯಾ ಪ್ರಾಂತದಲ್ಲಿ. 1878ರಲ್ಲಿ ಪೋಪ್ 13ನೆಯ ಲಿಯೋ ಅವರು ಮಂಗಳೂರು ಮಿಶನ್ನಿನ ಹೊಣೆಯನ್ನು ಯೇಸುಸಭೆಗೆ ವಹಿಸಿದರು. ಅದೇ ವರ್ಷದ ಡಿಸೆಂಬರ್ 31ರಂದು ಮಂಗಳೂರಿಗೆ ಬಂದಿಳಿದ ಮೊದಲ ತಂಡದಲ್ಲಿ ಫಾದರ್ ಮುಲ್ಲರರೂ ಒಬ್ಬರಾಗಿದ್ದರು. ಆಗ ಅವರಿಗೆ ಮೂವತ್ತೇಳು ವರ್ಷ. ಮುಂದಿನ ಮೂವತ್ತೆರಡು ವರ್ಷಗಳ ಅವರ ಜೀವಿತವೆಲ್ಲ ಈ ನಾಡಿಗೇ ಮೀಸಲಾಯಿತು.

ಹೋಮಿಯೋಪತಿಯಲ್ಲಿ ಅವರಿಗೆ ಆಳವಾದ ಆಸಕ್ತಿಯಿತ್ತು. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜು ಆರಂಭವಾದ 1880ರಲ್ಲಿಯೇ ಇವರ ಬಡವರ ಔಷಧಾಲಯವೂ ಕಂಕನಾಡಿಯಲ್ಲಿ ಆರಂಭವಾಯಿತು. ಬಂಡವಾಳವೆಂದರೆ ಔಷಧಗಳ ಒಂದು ಸಣ್ಣ ಪೆಟ್ಟಿಗೆ, ಅಷ್ಟೆ. ಕಾಲಕ್ರಮದಲ್ಲಿ ಅವರು ಸಿದ್ಧಪಡಿಸಿದ ಔಷಧಗಳು ಅಂಚೆಯ ಮೂಲಕ ದೇಶದ ಮೂಲೆಮೂಲೆಗೂ ಹೋಗತೊಡಗಿದವು. ಅದರಿಂದ ಬಂದ ಹಣ ಬಡ ರೋಗಿಗಳ ಅನ್ನಕ್ಕೂ ಹಾಸಿಗೆಗೂ ವಿನಿಯೋಗವಾಯಿತು. ಕೊಳ್ಳಲು ಶಕ್ತಿಯುಳ್ಳವರು ಕೊಟ್ಟ ಕಾಸು ಶಕ್ತಿಯಿಲ್ಲದವರ ಪಾಲಾಗುವ ಈ ಏರ್ಪಾಡು ಅವರ ದೂರದೃಷ್ಟಿಗೆ ಸಾಕ್ಷಿಯಾಗಿದೆ.

ಆ ಔಷಧಗಳ ಗುಣವನ್ನು ಕುರಿತು ವೈದ್ಯಲೋಕದಲ್ಲಿ ಒಮ್ಮತವಿಲ್ಲ. ಇಂದಿನ ವಿಜ್ಞಾನವು ಅವುಗಳಲ್ಲಿ ಹಲವನ್ನು ಒಪ್ಪುವುದೂ ಇಲ್ಲ. ಇದನ್ನು ಮುಚ್ಚಿಡುವ ಅಗತ್ಯ ನಮಗಿಲ್ಲ. ಫಾದರ್ ಮುಲ್ಲರರ ಹಿರಿಮೆ ಅವರ ಪೆಟ್ಟಿಗೆಯೊಳಗಿನ ಗುಳಿಗೆಯಲ್ಲಿ ಮಾತ್ರ ಇದ್ದಿದ್ದರೆ ಅದು ಆ ಕಾಲದೊಡನೆಯೇ ಮುಗಿದುಹೋಗುತ್ತಿತ್ತು. ಯಾವ ಔಷಧವೂ ಕೈಹಿಡಿಯದ ರೋಗಿಗಳನ್ನು ಅವರು ಬರಮಾಡಿಕೊಂಡರು ಎಂಬುದರಲ್ಲಿಯೇ ಅವರ ನಿಜವಾದ ಹಿರಿಮೆಯಿದೆ.

ಕುಷ್ಠರೋಗಕ್ಕೆ ಕಾರಣವಾದ ರೋಗಾಣುವನ್ನು ನಾರ್ವೆಯ ಹ್ಯಾನ್ಸೆನ್ ಎಂಬ ವೈದ್ಯರು 1873ರಲ್ಲಿಯೇ ಕಂಡುಹಿಡಿದಿದ್ದರೂ ಅದನ್ನು ಅಡಗಿಸಬಲ್ಲ ಮದ್ದು ದೊರೆತದ್ದು 1940ರ ದಶಕದಲ್ಲಿ. ಅಲ್ಲಿಯವರೆಗೆ ರೋಗಿಯ ಗತಿಯೆಂದರೆ ಮನೆಯಿಂದ ಹೊರಗೆ, ಊರಿನಿಂದಾಚೆಗೆ. ಮೊಲೊಕಾಯ್ ದ್ವೀಪದ ಕುಷ್ಠರೋಗಿಗಳ ಸೇವೆಯಲ್ಲಿ ತಾವೂ ಅದೇ ರೋಗಕ್ಕೆ ತುತ್ತಾಗಿ ಫಾದರ್ ಡೇಮಿಯನ್ ಮರಣ ಹೊಂದಿದ್ದು 1889ರಲ್ಲಿ. ಅದರ ಮರುವರ್ಷವೇ, ಅಂದರೆ 1890ರಲ್ಲಿ, ಫಾದರ್ ಮುಲ್ಲರರು ಕಂಕನಾಡಿಯಲ್ಲಿ ಕುಷ್ಠರೋಗಿಗಳಿಗೆ ಆಶ್ರಯಧಾಮವನ್ನು ತೆರೆದರು. ಬೀದಿಯಲ್ಲಿ ಅಲೆಯುವ ನಿರ್ಗತಿಕ ಕುಷ್ಠರೋಗಿಗಳನ್ನು ಹಿಡಿದು ಕೂಡಿಹಾಕಲು ಸರಕಾರವು ಕಾಯ್ದೆ ಮಾಡಿದ್ದು 1898ರಲ್ಲಿ. ಅದಕ್ಕೆ ಎಂಟು ವರ್ಷ ಮೊದಲೇ ಅವರು ಅಂಥವರಿಗೆ ಮನೆಯನ್ನು ಕೊಟ್ಟಿದ್ದರು. ಗುಣಪಡಿಸುತ್ತೇನೆಂದು ಹೇಳುವಂತಿರಲಿಲ್ಲ, ಕೈಬಿಡುವುದಿಲ್ಲವೆಂದು ಮಾತ್ರ ಹೇಳಬಹುದಾಗಿತ್ತು. ಅದನ್ನು ಅವರು ನಡೆದು ತೋರಿಸಿದರು.

1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ದೇಶದ ಅನೇಕ ಭಾಗಗಳಿಗೆ ಹಬ್ಬಿತು. 1902ರಲ್ಲಿ ಮಂಗಳೂರಿನ ಪ್ಲೇಗು ಪೀಡಿತರಿಗಾಗಿ ಅವರು ಬೇರೆಯೇ ಆಸ್ಪತ್ರೆಯನ್ನು ಏರ್ಪಡಿಸಿದರು. ಸ್ವಂತ ಬಂಧುಗಳೂ ಹತ್ತಿರ ಸುಳಿಯಲು ಅಂಜುತ್ತಿದ್ದ ರೋಗವದು. ಜಾತಿ ಮತಗಳ ಎಣಿಕೆ ಅವರ ಔಷಧಾಲಯದ ಬಾಗಿಲಲ್ಲಿ ಇರಲಿಲ್ಲ. 1910ರ ನವೆಂಬರ್ 1ರಂದು, ಸಕಲ ಸಂತರ ಹಬ್ಬದ ದಿನ, ಈ ಪುಣ್ಯಜೀವಿ ಪ್ರಭುವಿನ ಸನ್ನಿಧಿಯನ್ನು ಸೇರಿದರು. ಅವರು ನೆಟ್ಟ ಸಸಿ ಅವರೊಡನೆ ಬಾಡಲಿಲ್ಲ. 1985ರಲ್ಲಿ ಹೋಮಿಯೋಪತಿ ಕಾಲೇಜು, 1999ರಲ್ಲಿ ವೈದ್ಯಕೀಯ ಕಾಲೇಜು ಅಲ್ಲಿ ಆರಂಭವಾದವು. ಅವರ ಹೆಸರನ್ನೇ ಹೊತ್ತ ಆಸ್ಪತ್ರೆ ಇಂದು ಹೆಮ್ಮರವಾಗಿ ನಿಂತಿದೆ.

ಪ್ರಿಯ ಧರ್ಮಕೇಂದ್ರದ ಬಾಂಧವರೇ, ಇಂದು ವೈದ್ಯರಿದ್ದಾರೆ, ಯಂತ್ರಗಳಿವೆ, ಔಷಧಗಳಿವೆ. ಆದರೂ ನಮ್ಮ ಘಟ್ಟದ ರೋಗಿಗೆ ಒಂದು ಕೊರತೆ ಉಳಿದೇ ಇದೆ. ಕಾಫಿ ಕೊಯ್ಲಿನ ದಿನಗಳಲ್ಲಿ ಕೂಲಿ ಬಿಟ್ಟು ಹೋಗಲು ಬಡ ಕುಟುಂಬಕ್ಕೆ ಸಾಧ್ಯವಾಗುವುದಿಲ್ಲ. ಲೈನಿನ ಮನೆಯಿಂದ ಹೊರಟ ರೋಗಿಯ ಜೊತೆಗೆ ಒಬ್ಬರು ನಿಂತರೆ ಹೆಚ್ಚು. ಸಂಜೆ ಭೇಟಿಯ ವೇಳೆಯಲ್ಲಿ ಪಕ್ಕದ ಹಾಸಿಗೆಗಳ ಸುತ್ತ ನೆಂಟರು ನೆರೆದಿರುವಾಗ ಈ ರೋಗಿ ಗೋಡೆಯ ಕಡೆಗೆ ಮುಖ ತಿರುಗಿಸಿ ಮಲಗುತ್ತಾನೆ. ಮತ್ತಾಯನ ಶುಭಸಂದೇಶದ ಇಪ್ಪತ್ತೈದನೆಯ ಅಧ್ಯಾಯದಲ್ಲಿ ಅಂತಿಮ ತೀರ್ಪಿನ ಅಳತೆಗೋಲಾಗಿ ಪ್ರಭು ಹೇಳಿದ್ದು ರೋಗವನ್ನು ಗುಣಪಡಿಸುವುದನ್ನಲ್ಲ, ರೋಗಿಯನ್ನು ಕಾಣಹೋಗುವುದನ್ನು. ಇದು ವೈದ್ಯರಿಗೆ ಮಾತ್ರ ಒಪ್ಪಿಸಿದ ಕೆಲಸವಲ್ಲ. ನಮ್ಮೆಲ್ಲರಿಂದಲೂ ಆಗುವ ಕೆಲಸ.

ಕಾಣಹೋಗುವುದರಲ್ಲಿಯೂ ಒಂದು ಕ್ರಮವುಂಟು. ನಿಂತುಕೊಂಡೇ ಮಾತಾಡದೆ ಹತ್ತಿರ ಕುಳಿತುಕೊಳ್ಳಬೇಕು. ಅದೇ ರೋಗದಿಂದ ಸತ್ತವರ ಕಥೆಯನ್ನು ಹೇಳಬಾರದು. ಊರಿನ ಸುದ್ದಿ, ಮಕ್ಕಳ ಸುದ್ದಿ, ತೋಟದ ಸುದ್ದಿ ರೋಗಿಯ ಮನಸ್ಸಿಗೆ ಹಿತ. ದಣಿವು ಕಂಡೊಡನೆ ಏಳಬೇಕು. ಪಕ್ಕದ ಹಾಸಿಗೆಯವನು ಯಾವ ಮತದವನಾದರೂ ಅವನನ್ನೂ ಮಾತಾಡಿಸಬೇಕು. ಇನ್ನೊಂದು ಮಾತು: ಅಭ್ಯಂಗನ ಸಂಸ್ಕಾರವೆಂದರೆ ಸಾವಿನ ಸೂಚನೆಯೆಂದು ಹೆದರಿ ಗುರುಗಳಿಗೆ ತಡವಾಗಿ ತಿಳಿಸುವ ಮನೆಗಳು ಇನ್ನೂ ಇವೆ. ದ್ವಿತೀಯ ವ್ಯಾಟಿಕನ್ ಮಹಾಸಭೆಯು ಇದು ರೋಗಿಗಳ ಸಂಸ್ಕಾರವೆಂದು ಸ್ಪಷ್ಟಪಡಿಸಿದೆ. ರೋಗಿಗೆ ಪ್ರಜ್ಞೆಯಿರುವಾಗಲೇ, ಪ್ರಾರ್ಥನೆಗೆ ದನಿಗೂಡಿಸಬಲ್ಲ ಸ್ಥಿತಿಯಲ್ಲಿರುವಾಗಲೇ ಅದನ್ನು ಕೇಳಿಕೊಳ್ಳುವುದು ಲೇಸು.

ಲೂರ್ದು ಮಾತೆಯ ಹಬ್ಬವಾದ ಫೆಬ್ರವರಿ 11ನ್ನು ಪೋಪ್ ಎರಡನೆಯ ಜಾನ್ ಪಾಲ್ ಅವರು 1992ರಲ್ಲಿ ವಿಶ್ವ ರೋಗಿಗಳ ದಿನವೆಂದು ಘೋಷಿಸಿದರು. ಕೊಯ್ಲು ಮುಗಿಯುತ್ತ ಬರುವ ಆ ಸಮಯ ನಮಗೂ ಅನುಕೂಲವಾದದ್ದೇ. ಅಂದಿನಿಂದ ಮೊದಲುಗೊಂಡು, ಪ್ರತಿ ತಿಂಗಳೂ ನಮ್ಮ ಧರ್ಮಕೇಂದ್ರದ ಇಬ್ಬರಾದರೂ ಸರದಿಯಂತೆ ಘಟ್ಟವಿಳಿದು, ವಾರ್ಡುಗಳಲ್ಲಿರುವ ನಮ್ಮ ಸೀಮೆಯ ರೋಗಿಗಳನ್ನು ಕಂಡು ಬರುವ ಪದ್ಧತಿಯನ್ನು ಆರಂಭಿಸಿದರೆ, ಅದು ಈ ಶತಮಾನೋತ್ಸವದ ಕಲ್ಲುಕಟ್ಟಡಗಳಿಗಿಂತ ಮೇಲಾದ ಸ್ಮಾರಕವಾದೀತು. ಒಂದು ಸಣ್ಣ ಪೆಟ್ಟಿಗೆಯಿಂದ ಮಹತ್ಕಾರ್ಯವನ್ನು ನಡೆಸಿದ ಪ್ರಭುವು ನಮ್ಮ ಅಲ್ಪ ಪ್ರಯತ್ನವನ್ನೂ ಆಶೀರ್ವದಿಸಲಿ. ರೋಗಿಗಳ ಆರೋಗ್ಯಮಾತೆಯಾದ ಮರಿಯಮ್ಮನವರು ನಮ್ಮ ಊರಿನ ರೋಗಿಗಳೆಲ್ಲರಿಗಾಗಿ ಪ್ರಾರ್ಥಿಸಲಿ.