ನಿಘಂಟಿನ ಅಟ್ಟದಲ್ಲಿ ಜಾನ್ಸನ್

ಇಂಗ್ಲಿಷನ್ನು ಪುಸ್ತಕಗಳಿಂದ ಕಲಿತ ನಮ್ಮವರಿಗೆ ಆ ಭಾಷೆಯ ದೊಡ್ಡ ಮಾತುಗಳು ಅಷ್ಟಾಗಿ ತೊಡಕನ್ನುಂಟುಮಾಡುವುದಿಲ್ಲ. ‘ಅಬ್ಯಾಂಡನ್’, ‘ಪೋಸ್ಟ್‌ಪೋನ್’ ಎಂಬಂಥವನ್ನು ಒಮ್ಮೆ ಕೋಶದಲ್ಲಿ ನೋಡಿ ನೆನಪಿಟ್ಟರೆ ಮುಗಿಯಿತು. ತೊಡಕು ಇರುವುದು ಮೊದಲನೆಯ ಪಾಠದಲ್ಲಿಯೇ ಕಲಿತ ಗಿವ್, ಪುಟ್, ಟೇಕ್, ಸೆಟ್ ಮೊದಲಾದ ಪುಟ್ಟ ಕ್ರಿಯಾಪದಗಳಲ್ಲಿ. ಗಿವ್ ಎಂದರೆ ಕೊಡು. ಅಪ್ ಎಂದರೆ ಮೇಲೆ. ಆದರೆ ‘ಗಿವ್ ಅಪ್’ ಎಂಬ ಜೋಡಿಯು ‘ಹೋಪ್’ ಎಂಬ ಭಾವನಾಮದೊಡನೆ ಕೂಡಿದಾಗ ಯಾರೂ ಯಾರಿಗೂ ಏನನ್ನೂ ಕೊಡುವುದಿಲ್ಲ, ಯಾವುದೂ ಮೇಲಕ್ಕೇರುವುದಿಲ್ಲ; ಮನುಷ್ಯನು ಆಸೆಯನ್ನು ಬಿಟ್ಟುಬಿಡುತ್ತಾನೆ, ಅಷ್ಟೆ. ಈ ಒಗಟನ್ನು ಪರದೇಶದ ವಿದ್ಯಾರ್ಥಿಯ ಕಷ್ಟವನ್ನು ನೆನೆದು ನಿಘಂಟಿನಲ್ಲಿ ವಿಸ್ತಾರವಾಗಿ ಬಿಡಿಸಲು ಹೊರಟವನು ಸ್ಯಾಮ್ಯುಯಲ್ ಜಾನ್ಸನ್. ಆತನ ಮಾತುಗಾರಿಕೆಯ ಕಥೆಗಳನ್ನು ನಾವು ಬಾಸ್ವೆಲ್ಲನ ಕೃಪೆಯಿಂದ ಬಲ್ಲೆವು. ಬಾಸ್ವೆಲ್ ಇನ್ನೂ ಪರಿಚಯವಾಗದಿದ್ದ ಕಾಲದಲ್ಲಿ, ಮನೆಯ ಅಟ್ಟವೊಂದರಲ್ಲಿ, ಆತನು ಪಟ್ಟ ಪಾಡು ಅಷ್ಟು ಪ್ರಸಿದ್ಧವಾಗಿಲ್ಲ.

ಜಾನ್ಸನ್ ಹುಟ್ಟಿದ್ದು 1709ರ ಸೆಪ್ಟೆಂಬರ್ 18ರಂದು, ಲಿಚ್‌ಫೀಲ್ಡ್ ಎಂಬ ಊರಿನಲ್ಲಿ. ತಂದೆ ಪುಸ್ತಕ ವ್ಯಾಪಾರಿ; ಅಂಗಡಿಯ ತುಂಬ ಗ್ರಂಥಗಳು, ಕೈಯಲ್ಲಿ ಕಾಸಿಲ್ಲ. ಎಳವೆಯಲ್ಲಿ ತಗುಲಿದ ಗಂಡಮಾಲೆಯ ರೋಗದಿಂದ ಮುಖದ ಮೇಲೆ ಕಲೆಗಳುಳಿದುವು, ದೃಷ್ಟಿ ಮಂದವಾಯಿತು. 1728ರಲ್ಲಿ ಆಕ್ಸ್‌ಫರ್ಡಿನ ಪೆಂಬ್ರೋಕ್ ಕಾಲೇಜನ್ನು ಸೇರಿದನು. ಅಲ್ಲಿ ಅವನ ಹರಿದ ಪಾದರಕ್ಷೆಗಳನ್ನು ಕಂಡು ಯಾರೋ ಪುಣ್ಯಾತ್ಮರು ಹೊಸ ಜೋಡನ್ನು ಬಾಗಿಲಲ್ಲಿರಿಸಿ ಹೋದರಂತೆ. ಜಾನ್ಸನ್ ಅವನ್ನೆತ್ತಿ ಆಚೆಗೆ ಎಸೆದನು. ಸುಮಾರು ಹದಿಮೂರು ತಿಂಗಳು ಕಳೆಯುವಷ್ಟರಲ್ಲಿ ಹಣವಿಲ್ಲದೆ, ಪದವಿಯಿಲ್ಲದೆ ಹಿಂದಿರುಗಬೇಕಾಯಿತು. 1735ರಲ್ಲಿ ತನಗಿಂತ ಇಪ್ಪತ್ತು ವರ್ಷ ಹಿರಿಯಳಾದ ವಿಧವೆ ಎಲಿಜಬೆತ್ ಪೋರ್ಟರಳನ್ನು ಮದುವೆಯಾಗಿ, ಅವಳ ಹಣದಿಂದ ಈಡಿಯಲ್ ಎಂಬ ಹಳ್ಳಿಯಲ್ಲಿ ಶಾಲೆ ತೆರೆದನು. ಶಿಷ್ಯರು ಬೆರಳೆಣಿಕೆಯಷ್ಟು, ಅವರಲ್ಲೊಬ್ಬನು ಮುಂದೆ ಮಹಾನಟನಾದ ಡೇವಿಡ್ ಗ್ಯಾರಿಕ್. ಶಾಲೆ ಮುಚ್ಚಿತು. 1737ರಲ್ಲಿ ಗುರುಶಿಷ್ಯರಿಬ್ಬರೂ ಜತೆಯಾಗಿ ಲಂಡನ್ನಿನ ದಾರಿ ಹಿಡಿದರು. ಶಿಷ್ಯನು ರಂಗಭೂಮಿಯನ್ನೇರಿ ಬಹುಬೇಗ ಶ್ರೀಮಂತನಾದನು. ಗುರುವು ಮಾಸಪತ್ರಿಕೆಯೊಂದಕ್ಕೆ ಹಾಳೆಯ ಲೆಕ್ಕದಲ್ಲಿ ಬರೆಯುತ್ತ ಹೊಟ್ಟೆಹೊರೆದನು.

1746ರಲ್ಲಿ ಲಂಡನ್ನಿನ ಪುಸ್ತಕ ವ್ಯಾಪಾರಿಗಳ ಕೂಟವೊಂದು ಇಂಗ್ಲಿಷ್ ನಿಘಂಟನ್ನು ರಚಿಸಿಕೊಡಬೇಕೆಂದು ಅವನೊಡನೆ ಒಪ್ಪಂದ ಮಾಡಿಕೊಂಡಿತು. ಸಂಭಾವನೆ 1,500 ಗಿನಿ. ಸಹಾಯಕರ ಸಂಬಳ, ಕಾಗದ, ಮಸಿ ಎಲ್ಲವೂ ಅದರೊಳಗೇ. ಫ್ರಾನ್ಸಿನಲ್ಲಿ ಇಂಥ ಕೆಲಸಕ್ಕೆ ನಲವತ್ತು ಮಂದಿಯ ವಿದ್ವತ್ಪರಿಷತ್ತು ದಶಕಗಳ ಕಾಲ ದುಡಿದಿತ್ತು. ಜಾನ್ಸನ್ ತಾನೊಬ್ಬನೇ ಮೂರು ವರ್ಷಗಳಲ್ಲಿ ಮುಗಿಸುವೆನೆಂದನು. ಇದು ಧೈರ್ಯವೋ ಕೆಲಸದ ಅಳವನ್ನು ಅರಿಯದ ಅಜ್ಞಾನವೋ ಹೇಳುವುದು ಕಷ್ಟ, ಎರಡೂ ಇದ್ದಿರಬೇಕು. ಗಾಫ್ ಸ್ಕ್ವೇರಿನಲ್ಲಿ ಮನೆ ಹಿಡಿದು, ಅದರ ಅಟ್ಟದಲ್ಲಿ ಆರು ಮಂದಿ ನಕಲುಗಾರರನ್ನು ಕೂರಿಸಿದನು. ಅವರಲ್ಲಿ ಐವರು ಸ್ಕಾಟ್ಲೆಂಡಿನವರು. ಸ್ಕಾಟರನ್ನು ಜೀವಮಾನವಿಡೀ ಗೇಲಿಮಾಡಿದವನ ನಿಘಂಟು ಸ್ಕಾಟರ ಕೈಯಿಂದಲೇ ಬರೆಯಿಸಿಕೊಂಡಿತು.

ಜಾನ್ಸನ್ ಹಿಂದಿನ ಕೃತಿಕಾರರ ಗ್ರಂಥಗಳನ್ನೋದುತ್ತ ಬೇಕಾದ ವಾಕ್ಯಗಳಿಗೆ ಸೀಸದಕಡ್ಡಿಯಿಂದ ಗುರುತು ಹಾಕುವನು. ನಕಲುಗಾರರು ಅವನ್ನು ಚೀಟಿಗಳಿಗೆ ಇಳಿಸಿ ಅಕಾರಾದಿಯಲ್ಲಿ ಜೋಡಿಸುವರು. 1747ರಲ್ಲಿ ಲಾರ್ಡ್ ಚೆಸ್ಟರ್‌ಫೀಲ್ಡನಿಗೆ ಅರ್ಪಿಸಿದ ಯೋಜನಾಪತ್ರದಲ್ಲಿ, ಭಾಷೆಯನ್ನು ಕ್ಷಯದಿಂದ ಕಾದು ಒಂದು ನೆಲೆಯಲ್ಲಿ ನಿಲ್ಲಿಸಬಹುದೆಂಬ ಆಸೆ ಅವನಿಗಿತ್ತು. ಚೀಟಿಗಳ ರಾಶಿ ಬೆಳೆದಂತೆ ಆ ಆಸೆ ಅಲುಗಾಡತೊಡಗಿತು. ಮೊದಲೇ ಇಷ್ಟೆಂದು ಗೊತ್ತುಮಾಡಿಕೊಂಡ ಅರ್ಥಗಳ ಚೌಕಟ್ಟಿನಲ್ಲಿ ಉದಾಹರಣೆಗಳು ಹಿಡಿಸಲಿಲ್ಲ. ಹಲವು ವರ್ಷ ದುಡಿದು ಸಿದ್ಧಪಡಿಸಿದ ಮೊದಲ ಹಸ್ತಪ್ರತಿಯನ್ನು ಬದಿಗೊತ್ತಿ ಆತನು ಮತ್ತೆ ಮೊದಲಿನಿಂದ ಆರಂಭಿಸಬೇಕಾಯಿತೆಂದು ಇತ್ತೀಚಿನ ಸಂಶೋಧಕರು ನಿರ್ಧರಿಸಿದ್ದಾರೆ. ಮೂರು ವರ್ಷದ ಗಡುವು ಅಷ್ಟರಲ್ಲಿ ತೀರಿತ್ತು.

ಅಪರೂಪದ ಶಬ್ದಗಳು ಅವನನ್ನು ಇಷ್ಟು ಕಾಡಲಿಲ್ಲ. ಲ್ಯಾಟಿನ್ನಿನಿಂದ ಬಂದ ದೊಡ್ಡ ಮಾತಿಗೆ ಒಂದು ಸಾಲಿನ ಅರ್ಥ ಸಾಕು. ಆದರೆ ‘ಟೇಕ್’ ಎಂಬ ಒಂದೇ ಕ್ರಿಯಾಪದಕ್ಕೆ ಅವನು 134 ಅರ್ಥಗಳನ್ನು ವಿಂಗಡಿಸಬೇಕಾಯಿತು. ಆ ದೊಡ್ಡ ಹಾಳೆಗಳಲ್ಲಿ ಅದು ಐದು ಪುಟಗಳವರೆಗೆ ಹಬ್ಬಿತು. ಈ ಅರ್ಥಗಳಲ್ಲಿ ಅನೇಕವು ಹುಟ್ಟಿದ್ದು ಬಾಲದಂತೆ ಬಂದು ಸೇರುವ ಅಪ್, ಆಫ್, ಔಟ್, ಇನ್ ಎಂಬ ಅವ್ಯಯಗಳಿಂದ. ಕೋಶದ ಮುನ್ನುಡಿಯಲ್ಲಿ ಜಾನ್ಸನ್ ಇದಕ್ಕೆಂದೇ ಒಂದು ಭಾಗವನ್ನು ಮೀಸಲಿಟ್ಟಿದ್ದಾನೆ. ಅಲ್ಲಿ ‘ಬೇರ್ ಔಟ್’ ಎಂಬುದು ಸಮರ್ಥಿಸುವುದಾಗುತ್ತದೆ, ‘ಫಾಲ್ ಇನ್’ ಒಪ್ಪಿ ನಡೆಯುವುದಾಗುತ್ತದೆ, ‘ಸೆಟ್ ಆಫ್’ ಅಲಂಕರಿಸುವುದಾಗುತ್ತದೆ. ಬಿಡಿಮಾತುಗಳಿಂದ ಈ ಅರ್ಥಗಳಿಗೆ ಬಂದ ದಾರಿಯನ್ನು ಎಂಥ ಜಾಣನೂ ಪತ್ತೆಹಚ್ಚಲಾರನೆಂದೂ, ಪರಭಾಷಿಕರಿಗೆ ಇದಕ್ಕಿಂತ ದೊಡ್ಡ ಕಷ್ಟ ಬೇರಿಲ್ಲವೆಂದೂ ಅವನ ಅಭಿಪ್ರಾಯ. ಆದ್ದರಿಂದಲೇ ಅವನ್ನು ಎಚ್ಚರದಿಂದ ಕಲೆಹಾಕಿ, ತಪ್ಪಿಹೋದವನ್ನು ಓದುಗರು ಸಿಕ್ಕಿದವುಗಳ ಹೋಲಿಕೆಯಿಂದ ಊಹಿಸಿಕೊಳ್ಳಲೆಂದು ಬಿಟ್ಟನು. ಇಂಥ ಜೋಡಿಗಳಿಗೆ ಅವನು ಒಂದು ಹೆಸರನ್ನೂ ಇಡಲಿಲ್ಲ. ‘ಫ್ರೇಸಲ್ ವರ್ಬ್’ ಎಂಬ ಹೆಸರು ಲೋಗನ್ ಪಿಯರ್ಸಾಲ್ ಸ್ಮಿತ್ತನ ಪುಸ್ತಕದ ಮೂಲಕ ಪ್ರಚಾರಕ್ಕೆ ಬಂದದ್ದು 1925ರಲ್ಲಿ.

ಈ ಜೋಡಿಗಳು ವಸ್ತುವನ್ನು ಬಿಟ್ಟು ಭಾವವನ್ನು ಹಿಡಿದಾಗಲೇ ನಿಜವಾದ ಬಿಕ್ಕಟ್ಟು. ಕುರ್ಚಿಯನ್ನು ‘ಸೆಟ್ ಅಸೈಡ್’ ಮಾಡುವುದು ಕಣ್ಣಿಗೆ ಕಾಣುವ ಕೆಲಸ. ಪೂರ್ವಗ್ರಹವನ್ನು ‘ಸೆಟ್ ಅಸೈಡ್’ ಮಾಡುವಾಗ ಎತ್ತಿಡುವುದಕ್ಕೆ ವಸ್ತುವೂ ಇಲ್ಲ, ಇಡುವುದಕ್ಕೆ ಬದಿಯೂ ಇಲ್ಲ. ರೆಂಬೆಯನ್ನು ಮುರಿಯುವ ‘ಬ್ರೇಕ್ ಆಫ್’ ಸ್ನೇಹವನ್ನೂ ಮುರಿಯುತ್ತದೆ, ನಡೆಯುತ್ತಿದ್ದ ಸಂಧಾನವನ್ನೂ ನಿಲ್ಲಿಸುತ್ತದೆ. ಪೆಟ್ಟಿಗೆಯನ್ನು ಹೊರಗೆ ಹೊರುವ ‘ಕ್ಯಾರಿ ಔಟ್’ ವಾಗ್ದಾನದ ಜತೆಗೆ ಸೇರಿದರೆ ಅದನ್ನು ನೆರವೇರಿಸುತ್ತದೆ. ಅಷ್ಟೇ ಅಲ್ಲದೆ ಯಾವ ಭಾವನಾಮವು ಯಾವ ಜೋಡಿಯನ್ನು ಒಪ್ಪುವುದೆಂಬುದಕ್ಕೂ ರೂಢಿಯೊಂದೇ ಪ್ರಮಾಣ. ನಿರ್ಧಾರವನ್ನು ‘ಪುಟ್ ಆಫ್’ ಮಾಡುವರು, ಮುಷ್ಕರವನ್ನು ‘ಕಾಲ್ ಆಫ್’ ಮಾಡುವರು. ಆಸೆಗೆ ಮಾತ್ರ ‘ಕಾಲ್ ಆಫ್’ ಸಲ್ಲದು. ಕನ್ನಡಿಗರು ಇದಕ್ಕೆ ಆಶ್ಚರ್ಯಪಡಬೇಕಾದುದಿಲ್ಲ. ‘ತೆಗೆ’ ಎಂಬ ನಮ್ಮ ಮಾತನ್ನೇ ನೋಡಿ: ಬಾಗಿಲು ತೆಗೆದರೆ ತೆರೆಯುತ್ತದೆ, ಪ್ರಾಣ ತೆಗೆದರೆ ಹೋಗುತ್ತದೆ, ಜಗಳ ತೆಗೆದರೆ ಶುರುವಾಗುತ್ತದೆ! 1894ರಲ್ಲಿ ತನ್ನ ಕೋಶವನ್ನು ಪ್ರಕಟಿಸಿದ ಕಿಟ್ಟೆಲ್ಲನಿಗೂ ಇಂಥ ಮಾತುಗಳು ಕಡಮೆ ಕೆಲಸ ಕೊಟ್ಟಿರಲಾರವು.

ಇಲ್ಲಿ ಒಂದು ವಿಚಿತ್ರವುಂಟು. ಜಾನ್ಸನ್ನನ ಸ್ವಂತ ಗದ್ಯಕ್ಕೆ ಈ ಮನೆಮಾತಿನ ಜೋಡಿಗಳು ಅಷ್ಟಾಗಿ ಹಿಡಿಸಿದವಲ್ಲ. ಕೋಶದ ನಡುವೆಯೇ, 1750ರಿಂದ 1752ರವರೆಗೆ, ವಾರಕ್ಕೆರಡರಂತೆ ಹೊರಡಿಸಿದ ‘ರ‍್ಯಾಂಬ್ಲರ್’ ಪ್ರಬಂಧಗಳಲ್ಲಿ ಲ್ಯಾಟಿನ್ ಮೂಲದ ಭಾವನಾಮಗಳು ಸಾಲುಸಾಲಾಗಿ, ಪಟ್ಟದಾನೆಗಳಂತೆ ನಡೆಯುತ್ತವೆ. ಮಾತಿನಲ್ಲಿ ಅವನು ಬೇರೆಯೇ ಮನುಷ್ಯ. ಹಳೆಯ ನಾಟಕವೊಂದರ ಬಗ್ಗೆ ಮೊದಲು ಪುಟ್ಟ ಮಾತುಗಳಲ್ಲಿ ತೀರ್ಪು ಕೊಟ್ಟು, ಮರುಕ್ಷಣವೇ ಅದನ್ನು ಲ್ಯಾಟಿನ್ ಭಾರದ ವಾಕ್ಯವಾಗಿ ತಿದ್ದಿ ಹೇಳಿದುದನ್ನು ಬಾಸ್ವೆಲ್ ದಾಖಲಿಸಿದ್ದಾನೆ. ಮೊದಲಿನದೇ ಸೊಗಸಾಗಿತ್ತು ಎಂದು ನನ್ನ ಎಣಿಕೆ. ತನ್ನ ಲೇಖನಿ ದೂರವಿಟ್ಟ ಮಾತುಗಳಿಗೇ ಅವನು ಕೋಶದಲ್ಲಿ ಅತ್ಯಂತ ಹೆಚ್ಚು ಸ್ಥಳವನ್ನು ಕೊಟ್ಟನು.

‘ರ‍್ಯಾಂಬ್ಲರ್’ ನಿಂತ ಕೆಲವೇ ದಿನಗಳಲ್ಲಿ, 1752ರ ಮಾರ್ಚಿಯಲ್ಲಿ, ಹೆಂಡತಿ ತೀರಿಕೊಂಡಳು. ಅವಳು ಹೋದ ಮೇಲೆ ಆ ಮನೆಯಲ್ಲಿ ಅಟ್ಟವೊಂದೇ ಅವನಿಗೆ ಸಹ್ಯವಾದ ಜಾಗವೆನಿಸಿತ್ತು. ಕೆಲಸ ಮುಗಿಯುತ್ತ ಬಂದಾಗ, ಏಳು ವರ್ಷ ಕಣ್ಣೆತ್ತಿ ನೋಡದಿದ್ದ ಚೆಸ್ಟರ್‌ಫೀಲ್ಡ್ ಪತ್ರಿಕೆಯಲ್ಲಿ ಎರಡು ಹೊಗಳಿಕೆಯ ಲೇಖನಗಳನ್ನು ಬರೆದನು. 1755ರ ಫೆಬ್ರವರಿ 7ರಂದು ಜಾನ್ಸನ್ ಅವನಿಗೆ ಬರೆದ ಕಾಗದ ಜಗತ್ಪ್ರಸಿದ್ಧ. ಮುಳುಗುವಾಗ ಬಾರದೆ ದಡ ಸೇರಿದ ಮೇಲೆ ಕೈನೀಡುವ ಆಶ್ರಯದಾತನು ತನಗೆ ಬೇಡವೆಂಬುದು ಅದರ ತಾತ್ಪರ್ಯ. ಆ ಏಪ್ರಿಲ್ 15ರಂದು ಕೋಶವು ಎರಡು ಬೃಹತ್ಸಂಪುಟಗಳಲ್ಲಿ ಹೊರಬಂದಿತು: ಸುಮಾರು 42,000 ಶಬ್ದಗಳು, ಒಂದು ಲಕ್ಷಕ್ಕೂ ಮಿಕ್ಕ ಉದಾಹರಣೆಗಳು. ಭಾಷೆಯನ್ನು ನಿಲ್ಲಿಸುವ ಆಸೆಯನ್ನು ಮುನ್ನುಡಿಯಲ್ಲಿ ಅವನೇ ಕೈಬಿಟ್ಟಿದ್ದನು. ಗೆಟ್, ಗಿವ್, ಪುಟ್‌ಗಳಂಥ ಕ್ರಿಯಾಪದಗಳು ಆಡುವವರ ಬಾಯಲ್ಲಿ ಗಳಿಗೆಗಳಿಗೆಗೂ ನೆಲೆ ಬದಲಿಸುವುದರಿಂದ ಅವನ್ನು ಕೋಶದಲ್ಲಿ ಹಿಡಿಯುವುದು, ಬಿರುಗಾಳಿಗೆ ತೂಗುವ ತೋಪಿನ ಆಕೃತಿಯನ್ನು ನೀರಿನ ನೆರಳಲ್ಲಿ ನೋಡಿ ಬರೆದಂತೆ ಎಂದು ಒಪ್ಪಿಕೊಂಡಿದ್ದನು.

ಕೀರ್ತಿ ಬಂದರೂ ಬಡತನ ಕೂಡಲೇ ಬಿಡಲಿಲ್ಲ. 1756ರಲ್ಲಿ ಆರು ಪೌಂಡಿಗೂ ಕಡಮೆಯಾದ ಸಾಲಕ್ಕಾಗಿ ಬಂಧನಕ್ಕೊಳಗಾದಾಗ, ಕಾದಂಬರಿಕಾರ ರಿಚರ್ಡ್‌ಸನ್ ಹಣ ಕಳುಹಿಸಿ ಬಿಡಿಸಿದನು. 1762ರಲ್ಲಿ ವರ್ಷಕ್ಕೆ 300 ಪೌಂಡಿನ ರಾಜವೇತನ ದೊರೆತ ಮೇಲೆಯೇ ನೆಮ್ಮದಿ. ಮರುವರ್ಷ ಬಾಸ್ವೆಲ್ ಬಂದನು. ಅಲ್ಲಿಂದ ಮುಂದಿನದು ಎಲ್ಲರಿಗೂ ತಿಳಿದ ಕಥೆ. 1773ರ ನಾಲ್ಕನೆಯ ಆವೃತ್ತಿಗಾಗಿ ಕೋಶವನ್ನು ಮತ್ತೆ ತಿದ್ದಲು ಕುಳಿತಾಗ, ಎಂದೋ ಕೈಬಿಟ್ಟಿದ್ದ ಆ ಮೊದಲ ಹಸ್ತಪ್ರತಿಯ ಹಾಳೆಗಳನ್ನೇ ಕತ್ತರಿಸಿ ಕೆಲವೆಡೆ ಬಳಸಿಕೊಂಡನು.

1783ರ ಜೂನ್ ತಿಂಗಳ ಒಂದು ರಾತ್ರಿ ಲಕ್ವ ಹೊಡೆದು ಮಾತು ನಿಂತುಹೋಯಿತು. ಬುದ್ಧಿಯೂ ಹೋಯಿತೇನೋ ಎಂದು ಪರೀಕ್ಷಿಸಿಕೊಳ್ಳಲು ಜಾನ್ಸನ್ ಮನಸ್ಸಿನಲ್ಲೇ ಲ್ಯಾಟಿನ್ ಪದ್ಯದಲ್ಲೊಂದು ಪ್ರಾರ್ಥನೆಯನ್ನು ಕಟ್ಟಿ ನೋಡಿದನು. ಪದ್ಯ ಅಷ್ಟು ಚೆನ್ನಾಗಿರಲಿಲ್ಲ; ಚೆನ್ನಾಗಿಲ್ಲವೆಂಬುದು ತನಗೆ ತಿಳಿಯಿತಲ್ಲಾ ಎಂದು ಸಮಾಧಾನಗೊಂಡನು. ಕೆಲವು ದಿನಗಳಲ್ಲಿ ಮಾತು ಮರಳಿತು. 1784ರ ಡಿಸೆಂಬರ್ 13ರಂದು ತೀರಿಕೊಂಡನು. ಆಸ್ತಿಯ ಬಹುಭಾಗವನ್ನು, ಹೆಂಡತಿ ಸತ್ತ ವರ್ಷ ಬಾಲಕನಾಗಿ ಗಾಫ್ ಸ್ಕ್ವೇರಿನ ಮನೆಗೆ ಬಂದಿದ್ದ ಜಮೈಕಾದ ಫ್ರಾನ್ಸಿಸ್ ಬಾರ್ಬರನಿಗೆ ಬರೆದಿಟ್ಟಿದ್ದನು.